ಶಿರಾಝಿಗೆ ಶಿರಾಝಿ ಕೂಡದು

ಆ ದಿನ ಬೆಳಗಿನಿಂದ ಎಗಂಬೆರ್ದಿಗೆ ಎದುರಿಗೆ ಸಿಕ್ಕವರ ಬಾಯಿ ತೆರೆಸಿ ನಾಲಿಗೆ ನೋಡಬೇಕು ಅನ್ನಿಸುತ್ತಿತ್ತು. ತಪ್ಪು ಅವನದಲ್ಲ, ಅವನ ಎಡಗೈ ಹೆಬ್ಬೆರಳಿನದು. ಸರ್ಕಾರಿ ಕುರಿ ಫಾರ್ಮಿನಲ್ಲಿ ಹುಟ್ಟಿದ ಮರಿಗಳನ್ನು ನೋಡಿ ಇದು ಇರಲಿ, ಇದು ಬೇಡ ಎಂದು ಹೇಳುವ ಕೆಲಸವನ್ನು ಹದಿನೇಳು ವಸಂತಗಳಿಂದ ಮಾಡಿ ಮಾಡಿ, ಆ ಬೆರಳು ಯಾವ ದವಡೆ ಕಂಡರೂ ಸಂದಿಯೊಳಗೆ ಹೋಗಿ ಕೂರಲು ಹವಣಿಸುತ್ತಿತ್ತು. ತಂದೂರಿಗೆ ಬೆಂಕಿ ಹಾಕುತ್ತಿದ್ದ ಹೆಂಡತಿ ರಾಯ್ಹೋನ್ ಆಕಳಿಸಿದಾಗ ಅವನು ತನಗೇ ತಿಳಿಯದ ಹಾಗೆ ಕತ್ತು ಚಾಚಿ ಇಣುಕಿದ.

"ಏನ್ರೀ ನೋಡ್ತಿದೀರಿ?"

"ಏನಿಲ್ಲ."

"ನಾನೇನು ನಿಮ್ಮ ಫಾರ್ಮಿನ ಕುರೀನಾ? ಹೋಗಿ, ಮಧ್ಯಾಹ್ನದ ಹೊತ್ತಿಗೆ ಬನ್ನಿ. ಅಣ್ಣ ಬರ್ತಾನೆ. ಅಮ್ಮಾನೂ ಬರ್ತಾಳೆ. ಇವತ್ತು ಮಾತ್ರ ಕುರಿ ವಾಸನೆ ಹೊತ್ಕೊಂಡು ಕೂರಬೇಡಿ."

ಅವಳು ಹಿಟ್ಟನ್ನು ಎರಡು ಏಟು ಜಾಸ್ತಿಯೇ ಗುದ್ದಿದಳು. ಸಂಭ್ರಮದಲ್ಲಿದ್ದಾಳೆ ಎಂದುಕೊಂಡ ಎಗಂಬೆರ್ದಿ. ಇಂದು ಅವಳ ಅಣ್ಣ ಸಫರ್‌ಬೋಯ್ ತನ್ನ ಮಗ ಜೂರಕುಲ್‌ಗೆ ಓಯ್‌ಜಮೋಲ್‌ಳನ್ನು ಕೇಳಲು ಮೂರನೆಯ ಸಲ ಬರುತ್ತಿದ್ದಾನೆ. ಮೊದಲ ಸಲ ಬಂದಾಗ ಎಗಂಬೆರ್ದಿ ಹುಡುಗಿ ಇನ್ನೂ ಚಿಕ್ಕವಳು ಎಂದಿದ್ದ. ಅವಳಿಗೆ ಇಪ್ಪತ್ತೊಂದು. ಎರಡನೆಯ ಸಲ ಈ ವರ್ಷ ಚಳಿ ಜಾಸ್ತಿ ಎಂದಿದ್ದ. ಅದಕ್ಕೂ ಮದುವೆಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ, ಹೆಣ್ಣಿನ ಕಡೆಯವರು ಎರಡು ಸಲ ಏನಾದರೊಂದು ಹೇಳಲೇಬೇಕು. ಮೂರನೆಯ ಸಲ ಹೇಳಲು ಏನೂ ಇರಬಾರದು. ರೊಟ್ಟಿಯನ್ನು ಮನೆಯ ಹಿರಿಯರು ಕೈಗೆತ್ತಿಕೊಂಡು ಮುರಿಯುತ್ತಾರೆ, ಮುರಿದರೆ ಮುಗಿಯಿತು, ಹುಡುಗಿ ಅವರವಳು. ಅವನಿಗೆ ಹೇಳಲು ಒಂದು ಮಾತಿತ್ತು. ಅದನ್ನು ಅವನು ಇಪ್ಪತ್ತಮೂರು ವರ್ಷದಿಂದ ಹೇಳಿರಲಿಲ್ಲ.

ಫಾರ್ಮಿನ ಕೊಟ್ಟಿಗೆಯಲ್ಲಿ ಬೂರಿ ಅಜ್ಜ ಒಂದು ಮರಿಯನ್ನು ತನ್ನ ಹತ್ತಿಯ ನಿಲುವಂಗಿಯೊಳಗೆ ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ಕಾಯುತ್ತಿದ್ದ. ಅರವತ್ತು ವರ್ಷ ಕುರಿಗಳೊಂದಿಗೆ ಕಳೆದ ಆ ಮುದುಕನಿಗೆ ಓದಿದವರನ್ನು ಕಂಡರೆ ಒಂದು ಬಗೆಯ ಕರುಣೆ. ಕಳೆದ ಶರತ್ಕಾಲದಲ್ಲಿ ಒಂದು ಶಿರಾಝಿ ಟಗರು ಬೇಲಿ ಹಾರಿ ಶಿರಾಝಿ ಹೆಣ್ಣುಗಳ ಹಿಂಡಿಗೆ ನುಗ್ಗಿ ಒಂದು ಹಗಲು ಸುಖವಾಗಿದ್ದು ಬಂದಿತ್ತು. ಶಿರಾಝಿ ಎಂದರೆ ಬೂದುಬಣ್ಣದ್ದು, ಅರಬಿ ಎಂದರೆ ಕಪ್ಪು. ಶಿರಾಝಿಗೆ ಅರಬಿಯನ್ನು ಕೂಡಿಸಬೇಕು, ಶಿರಾಝಿಗೆ ಶಿರಾಝಿ ಕೂಡದು. ನೂರೋತದ ಬೆಟ್ಟದ ಬುಡದಲ್ಲಿ ಇದು ನಡೆಯಲು ಕಲಿಯುವ ಮಗುವಿಗೂ ಗೊತ್ತು. ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಬಿಳಿ ನಾಲಿಗೆ ಹೊತ್ತು ಹುಟ್ಟುತ್ತದೆ. ಮಿಕ್ಕವುಗಳ ಹಾಗೆಯೇ ಹಾಲು ಕುಡಿಯುತ್ತದೆ, ಕುಣಿಯುತ್ತದೆ. ತಾಯಿ ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕುವ ಕಾಲಕ್ಕೆ ಹೊಟ್ಟೆ ಉಬ್ಬಿ ಸಾಯುತ್ತದೆ. ಆದ್ದರಿಂದ ಅದನ್ನು ಹುಟ್ಟಿದ ಎರಡು ದಿನದೊಳಗೆ, ಉಣ್ಣೆಯ ಸುರುಳಿ ಬಿಚ್ಚದೆ ಚರ್ಮಕ್ಕೆ ಬೆಲೆ ಇರುವಾಗಲೇ, ಕೊಯ್ಯಲು ಬೇರೆ ಮಾಡುತ್ತಾರೆ. ಬೇರೆ ಮಾಡುವವನು ಎಗಂಬೆರ್ದಿ.

"ಬಾಯಿ ಆಮೇಲೆ ನೋಡು. ಮೊದಲು ಮೈ ನೋಡು," ಎಂದು ಅಜ್ಜ ನಿಲುವಂಗಿ ಬಿಚ್ಚಿದ.

ಗಾಳಿ ಸವರಿದ ಮರಳಿನ ಮೇಲೆ ಗೆರೆ ಮೂಡುತ್ತದಲ್ಲ, ಹಾಗೆ ಬೆನ್ನಿನಿಂದ ಪಕ್ಕೆಗೆ ಒಂದರ ಹಿಂದೊಂದು ಇಳಿದ ಸುರುಳಿ. ಎಗಂಬೆರ್ದಿ ಇದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡಿದ್ದ. ಆಮೇಲೆ ಎಲ್ಲೋ ಹೋಯಿತು. ಈಗ ಹಿಂಡಿನಲ್ಲಿ ಇರುವುದೆಲ್ಲ ಒಂದೇ ಥರದ ಸುರುಳಿ, ಪೆನ್ಸಿಲಿಗೆ ಸುತ್ತಿಟ್ಟ ಹಾಗೆ, ಅಚ್ಚುಕಟ್ಟು, ಬೇಸರ ಹುಟ್ಟಿಸುವಷ್ಟು ಅಚ್ಚುಕಟ್ಟು. ಅವನ ಹೆಬ್ಬೆರಳು ಆಗಲೇ ಮರಿಯ ಬಾಯೊಳಗಿತ್ತು. ನಾಲಿಗೆ ಬಿಳಿ. ಅಂಗುಳೂ ಬಿಳಿ.

"ಎಲ್ಲಿ ಹೋಗಿತ್ತೋ ಈ ಸುರುಳಿ ಇಷ್ಟು ವರ್ಷ? ನೀನೇ ತಾನೆ ತಿಂದು ಹಾಕಿದ್ದು."

"ನಾನು ಸುರುಳಿ ನೋಡಿ ಯಾವತ್ತೂ ತೆಗೆದಿಲ್ಲ ಅಜ್ಜ. ನಾಲಿಗೆ ನೋಡಿ ತೆಗೆದೆ. ಆಮೇಲೆ ಅನುಮಾನ ಬಂದ್ರೆ ಅದರ ತಾಯೀನ, ಅಕ್ಕ ತಂಗೀರನ್ನ..."

"ಓಹೋ! ನಾಲಿಗೆ ಒಂದು ಬಾಗಿಲಲ್ಲಿ ಹೋಗಿ ಸುರುಳಿ ಇನ್ನೊಂದು ಬಾಗಿಲಲ್ಲಿ ವಾಪಸ್ ಬರುತ್ತೆ ಅಂದ್ಕೊಂಡಿದ್ಯಾ? ಎರಡೂ ಒಂದೇ ಕುರೀಲಿ ಇರೋದು ಕಣಪ್ಪಾ. ಇಷ್ಟು ಹೇಳಿಕೊಡೋಕೆ ಸಮರ್ಕಂದದಲ್ಲಿ ಎಷ್ಟು ವರ್ಷ ತಗೊಂಡ್ರು?"

ಆರು ವರ್ಷ. ವಾರಕ್ಕೆ ಎರಡು ಸಂಜೆ, ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದು. ಸಂಜೆ ಕಾಲೇಜಿನ ಆ ಕೋಣೆಯಲ್ಲಿ ಕಾರ್ಖಾನೆಯಿಂದ ಬಂದವರೂ ಗೋದಾಮಿನಿಂದ ಬಂದವರೂ ಕೈಗೆ ತಲೆ ಆನಿಸಿಕೊಂಡು ಗೊರಕೆ ಹೊಡೆಯುತ್ತಿರುವಾಗ, ಒಂದರ ಮೇಲೊಂದು ಎರಡು ಸ್ವೆಟರು ತೊಟ್ಟ ಟೀಚರಮ್ಮ ತಮ್ಮ ಕೊರಳಿನ ಮಣಿಸರ ಬಿಚ್ಚಿ ಎತ್ತಿ ಹಿಡಿದಿದ್ದರು. ಗುಣಗಳು ದಾರಕ್ಕೆ ಪೋಣಿಸಿದ ಮಣಿಗಳಿದ್ದ ಹಾಗೆ. ಒಂದು ಮಣಿ ಕೆಟ್ಟಿತು ಅಂತ ಪ್ರಕೃತಿ ಆ ಒಂದನ್ನೇ ಆರಿಸಿ ಬಿಸಾಡೋದಿಲ್ಲ, ಅದಕ್ಕೆ ಅಷ್ಟು ವ್ಯವಧಾನ ಎಲ್ಲಿ. ದಾರದ ತುಂಡನ್ನೇ ಬಿಸಾಡುತ್ತೆ. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಚೆಂದದ ಮಣಿಯೂ ಹೋಯಿತು. ತಲೆಮಾರು ತಲೆಮಾರು ಹೀಗಾದರೆ ಕೆಟ್ಟದ್ದು ಹುಟ್ಟುತ್ತಾ ಇರುವ ಜಾಗದ ಸುತ್ತಮುತ್ತ ನೂರು ಬಗೆ ಇದ್ದದ್ದು ಹತ್ತಕ್ಕೆ ಇಳಿಯುತ್ತೆ. ಒಳ್ಳೆಯದೊಂದು ಹೊಸದಾಗಿ ಹುಟ್ಟಿದರೂ ಕೆಟ್ಟದ್ದರ ಪಕ್ಕ ಹುಟ್ಟಿದ್ದರೆ ಅದರ ಜೊತೆಗೇ ಮುಳುಗುತ್ತೆ. ಎಗಂಬೆರ್ದಿ ಕೈ ಎತ್ತಿದ್ದ. ಇಡೀ ಆರು ವರ್ಷದಲ್ಲಿ ಕೇಳಿದ ಒಂದೇ ಪ್ರಶ್ನೆ ಅದು, ಅದನ್ನೂ ತೊದಲಿದ್ದ: ಪಕ್ಕ ಅಂದರೆ ಎಷ್ಟು ಪಕ್ಕ? ಟೀಚರಮ್ಮ ಕನ್ನಡಕ ತೆಗೆದು ಅವನನ್ನು ನೋಡಿದ್ದರು. ದಾರ ಪ್ರತಿ ಹುಟ್ಟಿನಲ್ಲೂ ಅಲ್ಲಲ್ಲಿ ಕಡಿದು ಬೇರೆ ದಾರಕ್ಕೆ ಕೂಡಿಕೊಳ್ಳುತ್ತೆ, ದೂರ ಕೂತದ್ದು ಹಾಗೆ ತಪ್ಪಿಸಿಕೊಳ್ಳುತ್ತೆ, ಹತ್ತಿರದ್ದಕ್ಕೆ ಆ ಭಾಗ್ಯ ಕಡಿಮೆ. ಅವನು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದ. ಅರ್ಥವಾಯಿತೋ ಇಲ್ಲವೋ ಎಂಬ ಅನುಮಾನ ಇಂದಿಗೂ ಇದೆ. ಅಲ್ಲಿಗೆ ಅವನು ಹೋದದ್ದೂ ಓದಲಿಕ್ಕಲ್ಲ. ಒಬ್ಬ ಡಾಕ್ಟರು ಹೇಳಿದ್ದು ಸುಳ್ಳಿರಬಹುದೇ ಎಂದು ನೋಡಲಿಕ್ಕೆ. ಸುಳ್ಳಾಗಿರಲಿಲ್ಲ.

ಮಗು ಬದುಕಿದ್ದು ಎಂಟೇ ತಿಂಗಳು. ಚೊಚ್ಚಲು, ಗಂಡು. ಕತ್ತು ನಿಲ್ಲಲೇ ಇಲ್ಲ, ಆದರೆ ನಗುತ್ತಿತ್ತು. ತಂದೆಯ ಟೋಪಿ ಕಂಡರೆ ಸಾಕು, ಕೈಕಾಲು ಆಡಿಸಲಾಗದ್ದನ್ನೆಲ್ಲ ಸೇರಿಸಿ ಮುಖದಲ್ಲೇ ನಗುತ್ತಿತ್ತು. ಸಮರ್ಕಂದದ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಕೇಳಿದರು, ನೀವಿಬ್ಬರೂ ನೆಂಟರೋ. ಸೋದರತ್ತೆಯ ಮಗಳು ಎಂದ. ಡಾಕ್ಟರು ತಲೆಯಾಡಿಸಿದರು: ಇಬ್ಬರ ರಕ್ತದಲ್ಲೂ ಒಂದೊಂದು ದೋಷ ಮುಚ್ಚಿಕೊಂಡಿತ್ತು, ಮಗುವಿನಲ್ಲಿ ಎರಡೂ ಜೋಡಿಯಾಗಿದೆ. ಶಿರಾಝಿಗೆ ಶಿರಾಝಿ! ಎಷ್ಟು ಸರಳ, ಎಷ್ಟು ನಾಚಿಕೆಗೇಡು. ಕುರಿಗಳ ಮದುವೆಯಲ್ಲಿ ಕುಲಗೋತ್ರ ನೋಡುವವರು ತಮ್ಮ ಮದುವೆಯಲ್ಲಿ ಅತ್ತೆಯ ಮನೆಯ ಬಾಗಿಲು ಹತ್ತಿರವಿದೆ ಎಂದಷ್ಟೇ ನೋಡಿದ್ದರು. ಅವನು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದ ರಾಯ್ಹೋನ್‌ಗೆ ಹೇಳಿದ: ಶೀತ ಒಳಗೆ ಇಳಿದಿದೆಯಂತೆ. ಎರಡು ವರ್ಷದ ಮೇಲೆ ಓಯ್‌ಜಮೋಲ್ ಹುಟ್ಟಿದಳು, ಗಟ್ಟಿಮುಟ್ಟಾಗಿ, ಕಿರುಚುತ್ತಾ. ಅಷ್ಟು ಸಾಕು, ಮತ್ತೊಮ್ಮೆ ದಾಳ ಉರುಳಿಸುವುದು ಬೇಡ ಎಂದುಕೊಂಡು ಅವನು ಕೊಟ್ಟಿಗೆಯಲ್ಲೇ ಮಲಗುವುದಕ್ಕೆ ಒಂದಲ್ಲ ಒಂದು ಕಾರಣ ಹುಡುಕತೊಡಗಿದ. ರಾಯ್ಹೋನ್ ಏನೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ಅವಳದು ಎತ್ತಿದ ಕೈ.

ಮನೆಗೆ ನಡೆಯುತ್ತಾ ಅವನಿಗೆ ಹೊಳೆದದ್ದು ಇದು, ಹೊಳೆದದ್ದಕ್ಕೆ ಕಾಲು ನಿಂತಿತು. ಆ ಒಂದು ಮಾತನ್ನು ಅವನು ತೆಗೆದುಹಾಕಿದ್ದ, ಒಂದೇ ಒಂದನ್ನು. ಆದರೆ ಅದರ ಪಕ್ಕ ಕೂತದ್ದೆಲ್ಲ ಜೊತೆಗೆ ಹೋಗಿತ್ತು. ಮಗುವಿನ ಹೆಸರು ಹೋಯಿತು. ಹೆಸರು ಹೋದ ಮೇಲೆ ಮಗು ಕಂಡು ನಗುತ್ತಿದ್ದ ಟೋಪಿಯ ಕಥೆ ಹೋಯಿತು. ರಾಯ್ಹೋನ್ ಹಾಡುತ್ತಿದ್ದ ಜೋಗುಳ ಹೋಯಿತು, ಓಯ್‌ಜಮೋಲ್ ಹಾಡಿಲ್ಲದೆ ಮಲಗಲು ಕಲಿತಳು. ಮಗು ಹುಟ್ಟುವ ಮುಂಚಿನ ವರ್ಷ ಇಬ್ಬರೂ ಏಪ್ರಿಕಾಟ್ ಕದಿಯಲು ಹೋಗಿ ಗೋಡೆಯ ಮೇಲೆ ಸಿಕ್ಕಿಬಿದ್ದದ್ದೂ ಹೋಯಿತು, ಯಾಕೆಂದರೆ ಆಗ ರಾಯ್ಹೋನ್ ಮೂರು ತಿಂಗಳ ಬಸುರಿ. ಈಗ ಅವರ ನಡುವೆ ಉಪ್ಪು, ಸೌದೆ, ಬಾಗಿಲು ಹಾಕಿ, ದೀಪ ತೆಗೀರಿ. ಎಲ್ಲ ಮಾತೂ ಒಂದೇ ಅಳತೆ, ಒಂದೇ ಸುತ್ತು. ಆದರೂ, ಇವತ್ತು ಆ ಮಾತನ್ನು ಎಲ್ಲರೆದುರು ಆಡಿದರೆ? ಸಫರ್‌ಬೋಯ್‌ಗೆ ಮದುವೆಯಾಗದ ಮೂವರು ಹೆಣ್ಣುಮಕ್ಕಳು. ಈ ಮನೆತನದಲ್ಲಿ ಮಕ್ಕಳು ನಿಲ್ಲುವುದಿಲ್ಲವಂತೆ ಎಂದು ಒಂದು ಬಾಯಿ ಹೇಳಿದರೆ ಸಾಕು, ಊರು ಅವರಲ್ಲಿ ಯಾವಳನ್ನೂ ಬೇರೆ ಮಾಡಿ ನೋಡುವುದಿಲ್ಲ, ದಾರದ ತುಂಡನ್ನೇ ಬಿಸಾಡುತ್ತದೆ. ಊರು ಅವನಿಗಿಂತ ಶಿಸ್ತಿನ ಪರೀಕ್ಷಕ.

ಸಫರ್‌ಬೋಯ್ ಆಗಲೇ ಬಂದು ಹಾಸಿದ ದುಪ್ಪಟಿಯ ಮೇಲೆ ಅರ್ಧ ಕೋಣೆ ತುಂಬಿಕೊಂಡು ಕುಳಿತಿದ್ದ. ಹೊಸ ನಿಲುವಂಗಿ, ಹಳೆಯ ನಗು. ಅವನೂ ಮೂವತ್ತು ವರ್ಷದಿಂದ ಕುರಿ ಕಾಯುವವನೇ. ಪಕ್ಕದಲ್ಲಿ ಅವನ ತಾಯಿ ಹೋಸಿಯತ್, ಎಗಂಬೆರ್ದಿಗೆ ಸೋದರತ್ತೆಯೂ ಹೌದು ಹೆಣ್ಣು ಕೊಟ್ಟ ಅತ್ತೆಯೂ ಹೌದು, ಎಂಬತ್ತರ ಹತ್ತಿರದ ಸಣಕಲು ಮುದುಕಿ, ದಸ್ತರ್‌ಖಾನ್ ಎಂಬ ಊಟದ ಹಾಸುಬಟ್ಟೆಯ ಮೇಲೆ ಜೋಡಿಸಿಟ್ಟ ಎರಡು ರೊಟ್ಟಿಗಳನ್ನು ಬೆಕ್ಕು ಹಾಲನ್ನು ನೋಡುವ ಹಾಗೆ ನೋಡುತ್ತಿದ್ದಳು. ರಾಯ್ಹೋನ್ ಬಾಗಿಲ ಬಳಿ ಕುಳಿತಿದ್ದಳು. ಒಳಕೋಣೆಯ ಬಾಗಿಲ ಹಿಂದೆ ಓಯ್‌ಜಮೋಲ್ ಇದ್ದಾಳೆಂದು ಎಲ್ಲರಿಗೂ ಗೊತ್ತು, ಇಲ್ಲವೆಂದು ನಡೆದುಕೊಳ್ಳುವುದು ಪದ್ಧತಿ. ಅವಳಿಗೆ ಇದು ಇಷ್ಟವೋ ಎಂದು ತಾನು ಕೇಳಿಯೇ ಇಲ್ಲವಲ್ಲ ಎಂಬುದು ಈಗ ನೆನಪಾಗಿ ಎಗಂಬೆರ್ದಿಗೆ ಇನ್ನೊಂದು ಅಪರಾಧ ಸೇರಿತು.

ಬಾಯಿಂದ ಹೇಳಲಾಗದ್ದನ್ನು ಕೈಯಿಂದ ಹೇಳೋಣ ಎಂದು ಅವನು ಭಾವನ ಬಟ್ಟಲಿಗೆ ಚಹಾವನ್ನು ಅಂಚಿನವರೆಗೆ ತುಂಬಿ ಕೊಟ್ಟ. ಎರಡು ಗುಟುಕು ಹಾಕಿಕೊಟ್ಟರೆ ಕೂತಿರಿ ಎಂದು, ತುಂಬಿ ಕೊಟ್ಟರೆ ಎದ್ದು ಹೋಗಿ ಎಂದು ಅಲ್ಲಿಯವರಿಗೆ ಅರ್ಥ. ಯಾರನ್ನೂ ಹೀಗೆ ಅವಮಾನಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಸಫರ್‌ಬೋಯ್ ತುಳುಕುವ ಬಟ್ಟಲನ್ನು ನೋಡಿದ, ತಂಗಿಯನ್ನು ನೋಡಿದ, ಗಹಗಹಿಸಿ ನಕ್ಕ.

"ನೋಡಮ್ಮಾ, ಬೀಗ ಆಗೋ ಖುಷೀಲಿ ಇವನಿಗೆ ಚಹಾ ಹಾಕೋದೂ ಮರೆತುಹೋಗಿದೆ! ಇರಲಿ ಬಿಡು, ನಾವು ನಾವೇ ತಾನೆ." ಒಂದೇ ಉಸಿರಿಗೆ ಕುಡಿದು ಬಟ್ಟಲು ಮುಂದೆ ಚಾಚಿದ. "ಇನ್ನೊಂದು ಹಾಕು."

ಎಗಂಬೆರ್ದಿ ಇನ್ನೊಂದು ತುಂಬಿದ. ಅದನ್ನೂ ಕುಡಿದ.

"ಸರಿ ಅಮ್ಮಾ, ಇನ್ನೇನು," ಎಂದ ಸಫರ್‌ಬೋಯ್. ಮುದುಕಿಯ ಕೈ ರೊಟ್ಟಿಯ ಕಡೆ ಚಲಿಸಿತು.

"ಭಾವ," ಎಂದ ಎಗಂಬೆರ್ದಿ. ಧ್ವನಿ ಯಾರದೋ ಇದ್ದ ಹಾಗಿತ್ತು. "ಒಂದು ಮಾತು. ನನ್ನಲ್ಲಿ ಒಂದು ದೋಷ ಇದೆ."

"ಒಂದೇನಾ? ನನ್ನ ತಂಗಿ ಬೇರೆ ಥರ ಹೇಳ್ತಾಳೆ."

"ನಮ್ಮ ಮೊದಲನೇ ಮಗು ಶೀತದಿಂದ ಹೋಗಲಿಲ್ಲ. ನನ್ನ ರಕ್ತದಲ್ಲೇ ಇದ್ದದ್ದು ಅದು. ನನ್ನೊಬ್ಬನದು." ಈ ಕೊನೆಯ ಮಾತನ್ನು ಅವನು ದಾರಿಯಲ್ಲಿ ಯೋಚಿಸಿಟ್ಟುಕೊಂಡಿದ್ದ. ದಾರವನ್ನು ತನ್ನ ಮಣಿಯ ಎರಡೂ ಪಕ್ಕ ಕತ್ತರಿಸಿಬಿಡುವುದು. ರಾಯ್ಹೋನ್ ಉಳಿಯಲಿ, ಅತ್ತೆ ಉಳಿಯಲಿ, ಭಾವನ ಮೂರು ಹುಡುಗಿಯರು ಉಳಿಯಲಿ. ಶಾಸ್ತ್ರದ ಪ್ರಕಾರ ಅಪ್ಪಟ ಸುಳ್ಳು. ಟೀಚರಮ್ಮ ಕೇಳಿದ್ದರೆ ಪರೀಕ್ಷೆಗೆ ಕೂರಿಸುತ್ತಲೇ ಇರಲಿಲ್ಲ. "ಓಯ್‌ಜಮೋಲ್‌ಗೂ ಅದು ಬಂದಿರಬಹುದು. ನಾನು ಶಿರಾಝಿ ಅಂತ ಇಟ್ಕೋ."

ಸಫರ್‌ಬೋಯ್ ಹುಬ್ಬು ಗಂಟಿಕ್ಕಿದ.

"ನನ್ನ ತಂಗಿ?"

"ಅರಬಿ. ಅಪ್ಪಟ ಕಪ್ಪು."

ಸಫರ್‌ಬೋಯ್ ಯೋಚಿಸಿದ. ಅವನು ಯೋಚಿಸುವುದು ಹೊರಗಿನಿಂದ ಕಾಣುತ್ತದೆ, ತುಟಿ ಅಲ್ಲಾಡುತ್ತದೆ, ಬೆರಳು ಒಂದೊಂದು ಮಡಚುತ್ತದೆ. ಈಗ ಎದ್ದು ಹೋಗುತ್ತಾನೆ ಎಂದುಕೊಂಡ ಎಗಂಬೆರ್ದಿ. ಸಫರ್‌ಬೋಯ್ ತನ್ನ ತೊಡೆಗೆ ಹೊಡೆದುಕೊಂಡ ಸದ್ದಿಗೆ ಬಟ್ಟಲುಗಳು ಅದುರಿದವು.

"ಅಷ್ಟೇ ತಾನೆ! ಹೆದರಿಸಿಬಿಟ್ಯಲ್ಲೋ! ತಂಗಿ ಅರಬಿ ಅಂದ್ರೆ ಅಣ್ಣನೂ ಅರಬಿ. ನಾನು ಅರಬಿ ಅಂದ್ರೆ ನನ್ನ ಮಗ ಇದ್ದಿಲಿನಷ್ಟು ಕಪ್ಪು. ಶಿರಾಝಿಗೆ ಅರಬೀನ ಕೂಡಿಸ್ರಪ್ಪಾ ಅಂತ ಹದಿನೇಳು ವರ್ಷದಿಂದ ಬಾಯಿ ಬಡ್ಕೊಳ್ತಿರೋನು ಯಾರು? ನೀನೇ! ಇದಕ್ಕಿಂತ ಒಳ್ಳೆ ಜೋಡಿ ನೀನೇ ಹುಡುಕಿದ್ರೂ ಸಿಗಲ್ಲ. ಮುರಿಯಮ್ಮಾ ರೊಟ್ಟಿ."

ಎಗಂಬೆರ್ದಿಗೆ ತಾನೇ ಕಲಿಸಿದ ಪಾಠವನ್ನು ಇಷ್ಟು ಸರಿಯಾಗಿ ಒಪ್ಪಿಸಿದ ಶಿಷ್ಯ ಈವರೆಗೆ ಸಿಕ್ಕಿರಲಿಲ್ಲ. ಈಗ ಮದುವೆ ತಪ್ಪಿಸಬೇಕೆಂದರೆ ಹೆಂಡತಿಗೆ ಆಗಷ್ಟೇ ಹೊದಿಸಿದ ಕಪ್ಪು ಬಣ್ಣವನ್ನು ತನ್ನ ಕೈಯಾರೆ ತೊಳೆಯಬೇಕು, ಅವಳ ತವರಿನ ಎದುರು, ಅವಳ ತಾಯಿಯ ಎದುರು. ಸುಮ್ಮನಿದ್ದರೆ ಇನ್ನೆರಡು ವರ್ಷಕ್ಕೆ ಓಯ್‌ಜಮೋಲ್‌ಳ ಮಡಿಲಲ್ಲಿ ಕತ್ತು ನಿಲ್ಲದ ಒಂದು ಮಗು ಇವನ ಟೋಪಿ ನೋಡಿ ನಗಬಹುದು. ನಗದೆಯೂ ಇರಬಹುದು, ಎಲ್ಲ ಸರಿಯಾಗಿಯೂ ಇರಬಹುದು. ಮುದುಕಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅಣ್ಣಾ," ಎಂದಳು ರಾಯ್ಹೋನ್ ಬಾಗಿಲ ಬಳಿಯಿಂದ. "ಅರಬಿ ಹೊಟ್ಟೇಲಿ ಬಿಳಿ ನಾಲಿಗೆ ಮರಿ ಹುಟ್ಟಿದ್ದು ಎಲ್ಲಾದ್ರೂ ಕಂಡಿದ್ದೀಯಾ?"

ಸಫರ್‌ಬೋಯ್‌ನ ಬೆರಳುಗಳು ಮತ್ತೆ ಮಡಚತೊಡಗಿ ನಡುವೆ ನಿಂತವು. "ಇಲ್ಲ," ಎಂದ ನಿಧಾನವಾಗಿ. "ಅದು ಆಗೋ ಮಾತಲ್ಲ. ಎರಡೂ ಕಡೆಯಿಂದ ಬರಬೇಕು."

"ಮತ್ತೆ? ಈ ಮನುಷ್ಯ ಹುಟ್ಟಿದಾಗಿಂದ ಒಂದು ಸುಳ್ಳನ್ನೂ ಸರಿಯಾಗಿ ಹೇಳಿದವರಲ್ಲ. ಇಬ್ಬರದೂ ಕಣೋ. ನನ್ನದೂ." ಅವಳು ಗಂಡನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು, ಬೆಳಿಗ್ಗೆ ಹಿಟ್ಟು ಗುದ್ದುವಾಗಲೂ ಹೀಗೇ ಇತ್ತು. ಅದು ಸಂಭ್ರಮವಲ್ಲವೆಂದು ಅವನಿಗೆ ಈಗ ಹೊಳೆಯಿತು. "ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದು ನನಗೂ ಕೇಳಿಸಿತ್ತು ರೀ. ಆ ಬಾಗಿಲೇನು ಕೋಟೆ ಬಾಗಿಲಾ? ನೀವು ಒಳಗೆ ಬಂದು ಶೀತ ಅಂದ್ರಿ. ಸರಿ, ಇವತ್ತು ಆಗಲಿಲ್ಲ, ನಾಳೆ ಹೇಳ್ತಾರೆ ಅಂದ್ಕೊಂಡೆ. ಇಪ್ಪತ್ತಮೂರು ವರ್ಷ ಆಯ್ತು ನಾಳೆ. ಇವನು ಮೂರು ಸಲ ಹೆಣ್ಣು ಕೇಳೋಕೆ ಬಂದ. ಮೂರು ಸಲಾನೂ ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ನಿಮ್ಮ ಬಾಯೇ ನೋಡ್ಕೊಂಡು ಕೂತೆ. ಚಳಿ ಜಾಸ್ತಿ ಅಂದ್ರಿ!"

"ನೀನೇ ಹೇಳಬಹುದಿತ್ತಲ್ಲ," ಎಂದ ಎಗಂಬೆರ್ದಿ ಕ್ಷೀಣವಾಗಿ.

"ನಿಮಗೆ ನೋವಾಗುತ್ತೆ ಅಂತ."

ಸಫರ್‌ಬೋಯ್ ಅವರ ಮಾತು ಕೇಳುತ್ತಿರಲಿಲ್ಲ. ಅವನ ಹೊಸ ನಿಲುವಂಗಿ ಒಮ್ಮೆಲೇ ಒಂದು ಅಳತೆ ದೊಡ್ಡದಾಗಿ ಕಂಡಿತು. "ಹಾಗಾದ್ರೆ ನಾನು?" ಎಂದ. "ನನ್ನೊಳಗೂ ಇದೆಯಾ?"

"ಇರಬಹುದು, ಇಲ್ಲದೇನೂ ಇರಬಹುದು ಭಾವ. ಅರ್ಧಕ್ಕರ್ಧ. ಇದ್ರೂ ನಿನಗೇನೂ ಆಗಲ್ಲ. ಮೊಮ್ಮಕ್ಕಳಿಗೂ ಆಗಲ್ಲ, ನಿನ್ನ ಮಕ್ಕಳು ಹೊರಗಿನವರನ್ನ ಮದುವೆ ಆದ್ರೆ."

"ನೋಡಿ ಹೇಳೋಕಾಗಲ್ವಾ?" ಎಂದು ಸಫರ್‌ಬೋಯ್ ಮುಂದೆ ಬಾಗಿ, ಐವತ್ತೈದು ವರ್ಷದ ತನ್ನ ನಾಲಿಗೆಯನ್ನು ಬುಡದವರೆಗೂ ಹೊರಚಾಚಿದ.

ಎಗಂಬೆರ್ದಿ ನೋಡಿದ. ನೋಡದೇ ಇರಲಾಗಲಿಲ್ಲ. ನಾಲಿಗೆಯ ಮೇಲೆ ಒಣದ್ರಾಕ್ಷಿಯ ಸಿಪ್ಪೆ ಅಂಟಿತ್ತು. "ಮನುಷ್ಯರದು ನಾಲಿಗೇಲಿ ಕಾಣಲ್ಲ ಭಾವ," ಎಂದು ಮೆಲ್ಲಗೆ ಹೇಳಿದ.

"ನಮ್ಮಮ್ಮನಿಗೂ ಎರಡು ಹೋದವು," ಎಂದಳು ಹೋಸಿಯತ್ ಅತ್ತೆ. ರೊಟ್ಟಿ ಇನ್ನೂ ಅವಳ ಕೈಯಲ್ಲೇ ಇತ್ತು. "ಒಂದು ನನಗಿಂತ ದೊಡ್ಡದು, ಒಂದು ಚಿಕ್ಕದು. ಕತ್ತು ಹೀಗೇ ವಾಲ್ತಿತ್ತು. ನಮ್ಮಮ್ಮ ದೃಷ್ಟಿ ಅಂದಳು. ಇವನು ಶೀತ ಅಂದ. ಓದಿದವನಲ್ವಾ." ಅವಳು ಅಳಿಯನನ್ನು ನೋಡಿ ಒಂದು ಹಲ್ಲಿನಲ್ಲಿ ನಕ್ಕಳು. "ನಾನೂ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನನ್ನನ್ನ ಯಾರು ಮದುವೆ ಆಗ್ತಿದ್ರು? ಅಷ್ಟು ಅಂದವಾಗೂ ಇರ್ಲಿಲ್ಲ ನಾನು."

"ಅಮ್ಮಾ! ಈಗ ಇದು ಹೊರಗೆ ಹೋದ್ರೆ ನನ್ನ ಹುಡುಗೀರ ಗತಿ?"

"ಅದಕ್ಕೇ ಹೊರಗೆ ಕೊಡು ಅಂತಿರೋದು. ಬೆಟ್ಟದ ಆಚೆ ಕಡೆ ಹುಡುಗರಿಲ್ವಾ? ನಿನಗೆ ನಡೆಯೋಕೆ ಸೋಮಾರಿತನ, ಹತ್ತಿರದ ಬಾಗಿಲಿಗೇ ಬರ್ತೀಯ."

ಹಾಗೆನ್ನುತ್ತಾ ಅವಳು ಎರಡೂ ಹೆಬ್ಬೆರಳು ಊರಿ ರೊಟ್ಟಿಯನ್ನು ಲಟಕ್ಕನೆ ನಡುವೆ ಮುರಿದಳು.

ಮೂವರೂ ಒಟ್ಟಿಗೆ ಉಸಿರೆಳೆದುಕೊಂಡರು. ಸಫರ್‌ಬೋಯ್‌ನ ಕೈ ಅರ್ಧ ಮೇಲೆದ್ದು ಗಾಳಿಯಲ್ಲೇ ನಿಂತಿತು. ಒಳಕೋಣೆಯ ಬಾಗಿಲ ಹಿಂದೆ ಏನೋ ನೆಲಕ್ಕೆ ಬಿದ್ದು ಉರುಳಿತು.

"ಏನ್ ಹಾಗೆ ನೋಡ್ತೀರಿ? ಬೆಳಿಗ್ಗೆಯಿಂದ ಹಸ್ಕೊಂಡಿದೀನಿ, ಇದು ತಿನ್ನೋಕೆ," ಎಂದಳು ಮುದುಕಿ. ಒಂದು ಚೂರನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಜಗಿದಳು. "ಆ ಮಗು. ನಿಮ್ಮದು. ಹೆಸರೇನೋ ಇತ್ತಲ್ಲ, ನನಗೆ ಮರೆತೇಹೋಯ್ತು."

"ಎಲ್‌ಮುರೋದ್," ಎಂದರು ಎಗಂಬೆರ್ದಿ ಮತ್ತು ರಾಯ್ಹೋನ್ ಇಬ್ಬರೂ ಒಂದೇ ಸಲಕ್ಕೆ. ಹೇಳಿ, ಕೈತಪ್ಪಿ ಏನೋ ಒಡೆದವರ ಹಾಗೆ ಒಬ್ಬರನ್ನೊಬ್ಬರು ನೋಡಿದರು. ಮುಂದಿನದನ್ನು ನೀನು ಹೇಳು ಎಂದು ಅವನು, ನೀವು ಹೇಳಿ ಎಂದು ಅವಳು, ಇಬ್ಬರೂ ಕಾಯುತ್ತಿರುವಾಗ ಬಾಗಿಲ ಹಿಂದಿನಿಂದ, ಈ ದಿನ ಬಾಯಿಯೇ ಬಿಡಬಾರದಾಗಿದ್ದ ಹುಡುಗಿ ಕೂಗಿದಳು:

"ಅಜ್ಜೀ, ನಂಗೂ ಒಂದು ಚೂರು ಇಡಿ. ಎಲ್ಲಾ ನೀವೇ ಖಾಲಿ ಮಾಡಬೇಡಿ!"